ಅತ್ತೆಯ ಕೋಳಿ ತಲೆ ಕೊಡವಿದ ವಾರ

ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ ಮಾತುಗಳಿಲ್ಲ, ಬರೀ ಗೀಟುಗಳಿವೆ. ನಾಲ್ಕು ನಿಂತ ಗೀಟು, ಅವುಗಳ ಮೇಲೊಂದು ಅಡ್ಡ ಗೀಟು. ಅಂಥ ಕಟ್ಟುಗಳು ಪುಟದ ತುಂಬ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಧ್ಯಾಹ್ನದ ಮೇಲೆ ಹೆಚ್ಚು’ ಎಂದು ಬರೆದಿದೆ. ಅದು ಜ್ವರದ ಲೆಕ್ಕವಲ್ಲ, ಮಳೆಯ ಲೆಕ್ಕವೂ ಅಲ್ಲ. ಒಂದು ಕೋಳಿ ದಿನಕ್ಕೆ ಎಷ್ಟು ಸಲ ತಲೆ ಕೊಡವಿತು ಎಂಬ ಲೆಕ್ಕ. ಆ ವಾರದ ಬಗ್ಗೆ ನನ್ನ ಕೈಯಲ್ಲಿರುವ ಲಿಖಿತ ಸಾಕ್ಷಿ ಇಷ್ಟೇ. ಉಳಿದದ್ದೆಲ್ಲ ನೆನಪು. ನನ್ನ ನೆನಪೋ ಮನೆಯಲ್ಲಿ ಯಾರು ಕೊನೆಗೆ ಮಾತಾಡಿದರೋ ಅವರ ಕಡೆ ವಾಲುವ ಜಾತಿಯದು. ಆದ್ದರಿಂದ ಎಲ್ಲಿ ನನಗೇ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೊಂದು. ಮೈಸೂರಿನಲ್ಲಿ ಬಿ.ಎ. ಓದಿ ಊರಿಗೆ ಬಂದಿದ್ದೆ. ನಮ್ಮೂರು ಹೆಗ್ಗಡದೇವನಕೋಟೆ ತಾಲ್ಲೂಕಿನದು, ಸರಗೂರಿಗೂ ಅಂತರಸಂತೆಗೂ ನಡುವೆ ಒಂದು ಪಕ್ಕಕ್ಕೆ. ಹಿಂದಿನ ಮಾಘದಲ್ಲಿ, ನಾನು ಪರೀಕ್ಷೆಗೆಂದು ಗಾಡಿ ಹತ್ತಿದ ದಿನ, ಅಜ್ಜಿ ಊರಾಚೆಯ ಮಾರಿಗುಡಿಯ ಮುಂದೆ ನಿಂತು, ಹುಡುಗ ಪಾಸಾದರೆ ಊನವಿಲ್ಲದ ಕೋಳಿ ಕೊಡುತ್ತೇನೆ ಎಂದು ಹರಸಿಕೊಂಡಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಾಯಿಗೆ ಅನುಮಾನ ಉಳಿಯಬಾರದೆಂದು ಮನೆಗೆ ಬಂದವಳೇ ಅಂಗಳದ ಎಲ್ಲ ಕೋಳಿಗಳಲ್ಲಿ ಚೆಂದದ್ದನ್ನು ಹಿಡಿದು ಕಾಲಿಗೆ ಅರಿಶಿನದ ದಾರ ಕಟ್ಟಿದಳು. ದಾರ ಬಿದ್ದ ಕೋಳಿಯನ್ನು ನಮ್ಮ ಕಡೆ ಮಾರುವಂತಿಲ್ಲ, ಅದರ ಬದಲಿಗೆ ಇನ್ನೊಂದನ್ನು ಕೊಡುವಂತೆಯೂ ಇಲ್ಲ. ನಮ್ಮ ಅಂಗಳದಲ್ಲೇ ಕೆದಕಿಕೊಂಡಿದ್ದರೂ ಅದು ಮಾರಮ್ಮನ ಕೋಳಿ.

ಆ ಚೆಂದದ ಕೋಳಿ ಅಜ್ಜಿಯದಲ್ಲ, ಅತ್ತೆಯದು.

ಅತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಭೇರ್ಯದ ಕಡೆಯ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಬುಟ್ಟಿ ಹೊತ್ತು ಬಂದಿದ್ದಳು. ಬುಟ್ಟಿಯಲ್ಲಿ ಮೂರು ಮರಿಗಳಿದ್ದವು. ಎರಡನ್ನು ಹದ್ದು ಒಯ್ದಿತು. ಉಳಿದ ಒಂದಕ್ಕೆ ಅತ್ತೆ ತನ್ನ ಗಂಡನ ತಾಯಿಯ ಹೆಸರಿಟ್ಟಳು, ಹೆಸರು ಹಿಡಿದು ಬಯ್ಯುವ ಸುಖಕ್ಕೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ. ಬೆಳಿಗ್ಗೆ ಬುಟ್ಟಿ ಎತ್ತುತ್ತಲೇ ಶುರು: “ಎದ್ರಾ ಅತ್ತೆಮ್ಮ? ಇನ್ನೂ ನೀರು ಕಾಯ್ಸಿಲ್ಲ. ಏನ್ ಮಾಡ್ತೀರೋ ಮಾಡ್ಕಳಿ.” ಕೋಳಿ ಕೊಕ್ಕೊಕ್ಕೆಂದು ಏನೋ ಹೇಳುವುದು. ಅತ್ತೆ ಅದಕ್ಕೂ ಉತ್ತರ ಕೊಡುವಳು. ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವಳು ದಿನಾ ಒಂದಿಷ್ಟು ವಸೂಲಿ ಮಾಡಿಕೊಳ್ಳುತ್ತಿದ್ದಳು, ಆಮೇಲೆ ಅದೇ ಅತ್ತೆಮ್ಮನಿಗೆ ಅಂಗೈಯಲ್ಲಿ ನುಚ್ಚು ತಿನ್ನಿಸುತ್ತಿದ್ದಳು. ಕೋಳಿಯ ಬಣ್ಣ ಕೆಂಪು. ಕಂದು ಎಂದು ನನ್ನ ತಂಗಿ ವಾದಿಸುತ್ತಾಳೆ. ಅವಳು ಆ ವಾರ ಊರಲ್ಲೇ ಇರಲಿಲ್ಲ, ಆದರೂ ನನಗೀಗ ಅನುಮಾನ ಹತ್ತಿದೆ.

ನಾನು ಪಾಸಾದೆ, ಮೂರನೇ ಕ್ಲಾಸಿನಲ್ಲಿ. ಪತ್ರಿಕೆಯಲ್ಲಿ ನಂಬರು ಬಂದ ದಿನ ಮನೆಯವರೆಲ್ಲ ಬೆಲ್ಲ ತಿಂದರು. ಅತ್ತೆ ಮಾತ್ರ ನನ್ನ ತಟ್ಟೆಗೆ ರಾಗಿಮುದ್ದೆಯನ್ನು ಮೇಲಿನಿಂದ ಎತ್ತಿ ಹಾಕಿದಳು.

“ಒಂದ್ನೇ ಕ್ಲಾಸಾಗಿದ್ರೆ ನಾನೇ ಎತ್ಕೊಂಡೋಗಿ ಕೊಟ್ಟು ಬತ್ತಿದ್ದೆ ಕಣೋ. ಮೂರ್ನೇ ಕ್ಲಾಸಿಗೆ ಒಂದು ಮೊಟ್ಟೆ ಸಾಲ್ದಾ?”

ನನಗೆ ನಗು ಬಂತು. ಅವಳ ಮಾತಿನಲ್ಲಿ ನ್ಯಾಯವಿತ್ತು. ನನಗೆ ಬಂದ ಮಾರ್ಕುಗಳಿಗೆ ಒಂದು ಇಡೀ ಜೀವ ದುಬಾರಿ.

ಹರಕೆ ತೀರಿಸಲು ಜ್ಯೇಷ್ಠದ ಒಂದು ಮಂಗಳವಾರ ಗೊತ್ತಾಯಿತು. ಅದಕ್ಕೆ ಐದು ದಿನ ಮುಂಚೆ, ಗುರುವಾರ ಬೆಳಿಗ್ಗೆ, ಅತ್ತೆ ಬುಟ್ಟಿ ಎತ್ತಿದಾಗ ಕೋಳಿ ಹೊರಗೆ ಬರಲಿಲ್ಲ. ಕತ್ತನ್ನು ಒಂದು ಬದಿಗೆ ವಾಲಿಸಿ, ದೂರದ ಮಾತು ಕೇಳಿಸಿಕೊಳ್ಳುವ ಮುದುಕಿಯ ಹಾಗೆ ನಿಂತಿತ್ತು. ನುಚ್ಚಿಗೆ ಬಾಯಿ ಹಾಕಲಿಲ್ಲ. ಇದ್ದಕ್ಕಿದ್ದಂತೆ ತಲೆಯನ್ನು ಪಟಪಟನೆ ಕೊಡವಿತು, ಜುಟ್ಟು ಈ ಕೆನ್ನೆಗೂ ಆ ಕೆನ್ನೆಗೂ ಬಡಿಯುವ ಹಾಗೆ. ನಾಲ್ಕು ಹೆಜ್ಜೆ ಸೊಟ್ಟಗೆ ನಡೆಯಿತು. ಮತ್ತೆ ಕೊಡವಿತು.

ಅಪ್ಪ ಅವ್ವ ಮದುವೆಗೆಂದು ಪಿರಿಯಾಪಟ್ಟಣದ ಕಡೆ ಹೋಗಿದ್ದರು. ಮನೆಯಲ್ಲಿದ್ದವರು ಅಜ್ಜಿ, ಅತ್ತೆ, ನಾನು, ಚಿಕ್ಕಪ್ಪ. ಒಂದೇ ಕೋಳಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಡಿತು.

ಅಜ್ಜಿ ದೃಷ್ಟಿ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕೋಳಿ ತಲೆ ಕೊಡವಿತು.

ಚಿಕ್ಕಪ್ಪ ಅದನ್ನು ಕೊಕ್ಕರೆ ರೋಗವೆಂದು ಸಾರಿದ. ಕತ್ತು ತಿರುಚುವ ಆ ರೋಗ ಬಂದರೆ ಊರ ಕೋಳಿಗಳೆಲ್ಲ ಗೂಡುಗೂಡೇ ಸಾಯುವುದು ನಿಜವೇ. ಊನವಾದದ್ದು ಹೇಗೂ ದೇವರಿಗೆ ಸಲ್ಲದು, ಬೇರೆಯವಕ್ಕೆ ಹರಡುವ ಮೊದಲು ಸಾರು ಮಾಡಿಬಿಡೋಣ ಎಂದು ಅವನ ವಾದ. ಊರ ಕೋಳಿಗಳ ಮೇಲೆ ಅವನಿಗೆ ಅಷ್ಟು ಕಾಳಜಿ ಹುಟ್ಟಿದ್ದಕ್ಕೆ ಕಾರಣ ಅವನದೇ ಒಂದು ಹುಂಜ. ಮೊಣಕಾಲೆತ್ತರದ ಆ ಹುಂಜಕ್ಕೆ ನೆನೆಸಿದ ಕಡಲೆ ತಿನ್ನಿಸುತ್ತಿದ್ದ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸುತ್ತಿದ್ದ. ಎರಡನೆಯ ಕಾರಣ ಸಾರು. ಅಂದಿನಿಂದಲೇ ಅವನು ಮಸಾಲೆಗೆ ಕೊತ್ತಂಬರಿ ಬೀಜ ಇದೆಯೇ ಎಂದು ವಿಚಾರಿಸತೊಡಗಿದ್ದ.

ಹೀಗೆ ಕೋಳಿಯ ಪಾಲಿಗೆ ದಾರಿಗಳು ಎರಡೇ ಉಳಿದವು. ವಾಸಿಯಾದರೆ ಮಂಗಳವಾರ ಮಾರಿಗುಡಿ. ವಾಸಿಯಾಗದಿದ್ದರೆ ಅದಕ್ಕೂ ಮೊದಲೇ ಮಡಕೆ. ಇದನ್ನು ಅತ್ತೆ ಗುರುವಾರ ಬೆಳಿಗ್ಗೆಯೇ ಕಂಡುಕೊಂಡಿರಬೇಕು. ನನಗೆ ತಿಳಿಯಲು ಮಂಗಳವಾರ ಸಂಜೆಯಾಯಿತು. ಬಿ.ಎ. ಓದಿದವನು ನಾನು.

“ಓದಿದೀಯಲ್ಲ, ಏನಾಗದೆ ಯೋಳು,” ಎಂದು ಅಜ್ಜಿ ನನ್ನನ್ನು ಕೇಳಿದಳು. ನಾನು ಓದಿದ್ದು ಚರಿತ್ರೆ. ರೋಮಿನ ಚಕ್ರವರ್ತಿಗಳು ಯಾವ ಯಾವ ಕಾಯಿಲೆಯಿಂದ ಸತ್ತರೆಂದು ಹೇಳಬಲ್ಲೆ, ಕೋಳಿಯ ಗಂಟಲು ಎಲ್ಲಿ ಮುಗಿಯುತ್ತದೆಂದು ಹೇಳಲಾರೆ. ಆದರೂ ಒಪ್ಪಿಕೊಳ್ಳಲು ನಾಚಿಕೆಯಾಗಿ, ರೋಗಿಯನ್ನು ಕೆಲವು ಕಾಲ ಗಮನಿಸಬೇಕು ಎಂದೆ. ಗಂಭೀರವಾಗಿಯೇ ಹೇಳಿದೆನೆಂದು ತೋರುತ್ತದೆ, ಏಕೆಂದರೆ ಅಜ್ಜಿ ಕೂಡಲೇ ಮಣೆ ತಂದುಕೊಟ್ಟಳು. ಶುಕ್ರವಾರ, ಶನಿವಾರ ಎರಡು ದಿನವೂ ಹಟ್ಟಿಯ ಬಾಗಿಲಲ್ಲಿ ಕೂತು ದಿನಚರಿಯಲ್ಲಿ ಗೀಟು ಹಾಕಿದೆ. ಬಾಯಿ ತೆರೆದು ನೋಡಿದೆ. ರೆಕ್ಕೆ ಬಿಡಿಸಿ ನೋಡಿದೆ. ನಾಡಿ ಹಿಡಿಯಲು ಹೋಗಿ ಮುಂಗೈ ಕುಕ್ಕಿಸಿಕೊಂಡೆ. ಕೊನೆಗೆ ನಾನು ತಲುಪಿದ ಶಾಸ್ತ್ರೀಯ ನಿರ್ಣಯ: ಮಧ್ಯಾಹ್ನದ ಮೇಲೆ ಹೆಚ್ಚು.

ಅತ್ತೆ ಯಾವ ನಿರ್ಣಯವನ್ನೂ ಕೊಡಲಿಲ್ಲ. ಶನಿವಾರ ಸಂಜೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ತಲೆ ನೇವರಿಸುತ್ತ ಕೂತಿದ್ದಳು. ಎದ್ದಾಗ ಮುಖ ಗೆಲುವಾಗಿತ್ತು. ಏನಾದರೂ ಗೊತ್ತಾಯಿತೇ ಎಂದು ಕೇಳಿದೆ. “ನೀನು ಬರ್ಕೋತಾ ಇದ್ದೀಯಲ್ಲ, ನಂಗೇನ್ ಗೊತ್ತಾದದು,” ಎಂದು ಒಳಗೆ ಹೋದಳು.

ಭಾನುವಾರ ಪೂಜಾರಪ್ಪ ಬಂದ. ಮಾರಿಗುಡಿಯ ಪೂಜೆ ಅವನ ಮನೆತನದ್ದು. ಹರಕೆಯ ಕೋಳಿ ಕಾಯಿಲೆ ಬಿದ್ದಿದೆಯೆಂದು ಯಾರೋ ಹೇಳಿದ್ದರಂತೆ. ಅವನು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೋಳಿ ಎರಡು ಸಲ ತಲೆ ಕೊಡವಿತು. ಪೂಜಾರಪ್ಪನ ಅಗಿಯುವ ಬಾಯಿ ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕೋಳಿಯನ್ನಾಗಲಿ ಕುರಿಯನ್ನಾಗಲಿ ಮಾರಿಗೆ ಕೊಡುವ ಮೊದಲು ಅದರ ಮೇಲೆ ಅರಿಶಿನದ ನೀರು ಹಾಕಿ, ಒಪ್ಪಿದೆಯಾ ತಾಯಿ ಎಂದು ಕೇಳುತ್ತಾರೆ. ಅದು ಮೈ ಕೊಡವಿದರೆ ತಾಯಿ ಒಪ್ಪಿದಳೆಂದು ಅರ್ಥ. ಕೊಡವದೆ ನಿಂತರೆ ಎಷ್ಟು ಹೊತ್ತಾದರೂ ಕತ್ತಿ ಎತ್ತುವಂತಿಲ್ಲ. ಕೊಡವದ ಕೋಳಿಗಾಗಿ ಊರಿಗೂರೇ ಬಿಸಿಲಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ನೋಡಿದರೆ ಯಾರೂ ಕೇಳದೆ, ನೀರೂ ಹಾಕದೆ, ಕೋಳಿ ಗುರುವಾರದಿಂದ ಒಪ್ಪುತ್ತಲೇ ಇತ್ತು.

“ರೋಗ ಅಲ್ಲ ಕಣ್ರಪ್ಪ ಇದು,” ಎಂದ ಪೂಜಾರಪ್ಪ. “ತಾಯಿ ಬಂದು ಕೂತವಳೆ.”

ನನ್ನ ವಿದ್ಯೆ ಹೆಡೆ ಎತ್ತಿತು. ನೀರು ಬಿದ್ದಾಗ ಕೊಡವಿದರೆ ತಾನೇ ಒಪ್ಪಿಗೆ? ನೀರಿಲ್ಲದೆಯೂ ಕೊಡವಿದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು ಎಂದು ವಾದಿಸಿದೆ. ಬೇಕಾದರೆ ಪರೀಕ್ಷೆ ಮಾಡೋಣ, ಯಾರೂ ನೀರು ಮುಟ್ಟಬೇಡಿ, ಮಾತೂ ಆಡಬೇಡಿ ಎಂದೆ. ಎಲ್ಲರೂ ಸುತ್ತ ಕೂತೆವು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೋಳಿ ನಮ್ಮನ್ನೆಲ್ಲ ಒಂದೊಂದೇ ಕಣ್ಣಿನಿಂದ ನೋಡಿ, ಹಿಂದೆಂದೂ ಕೊಡವದಷ್ಟು ಜೋರಾಗಿ ಕೊಡವಿತು.

ನಾನು ಗೆದ್ದೆನೆಂದು ಎದ್ದು ನಿಂತೆ. ಪೂಜಾರಪ್ಪ ಕೈ ಮುಗಿದಿದ್ದ.

“ನೀರು ಹಾಕಾಗಂಟ ಕಾಯಕ್ಕಾಯ್ತಿಲ್ಲ ತಾಯಿಗೆ. ನೋಡಿ, ಎಷ್ಟು ಆತುರ.”

ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ ಕಲಿತ ತರ್ಕ ಜಗಲಿಯಿಂದ ಕೆಳಗೆ ಬಿದ್ದಿತು. ಈಗ ಯೋಚಿಸಿದರೆ ಅವನ ತರ್ಕದಲ್ಲಿ ಏನು ತಪ್ಪಿತ್ತೆಂದು ಚಟ್ಟನೆ ಹೇಳಲು ನನಗೆ ಬರುವುದಿಲ್ಲ.

ಸಾರು ಕೈತಪ್ಪಿದ್ದಕ್ಕೆ ಚಿಕ್ಕಪ್ಪನ ಮುಖ ಸಣ್ಣದಾಗಿತ್ತು. ಚೇಷ್ಟೆಗೋ ಹೊಟ್ಟೆಯುರಿಗೋ ಅವನು ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾಯಿ ಬಂದಿರುವುದೇ ನಿಜವಾದರೆ ಇವತ್ತು ಮಳೆ ಬರುತ್ತದೆಯೇ ಎಂದು ಕೇಳಿದ. ಕೋಳಿ ಕೊಡವಿತು. ಸಂಜೆ ನಾಲ್ಕಕ್ಕೆ ಕೊಡಗಿನ ಕಡೆಯಿಂದ ಮೋಡ ಏರಿ ಬಂದು ಹಟ್ಟಿಯ ಮಾಡು ಸೋರುವಷ್ಟು ಹೊಯ್ಯಿತು. ಜ್ಯೇಷ್ಠದಲ್ಲಿ ಅಲ್ಲಿ ಮಳೆ ಬಾರದ ದಿನ ಹುಡುಕಬೇಕು. ಅದನ್ನು ಹೇಳಿದರೆ ಕೇಳುವವರು ಯಾರು? ಚಿಕ್ಕಪ್ಪ ಒದ್ದೆಯಾದ ತಲೆಯಲ್ಲೇ ಊರೆಲ್ಲ ಸುತ್ತಿ, ನಮ್ಮನೆ ಕೋಳಿ ಸುಳ್ಳಾಡುವುದಿಲ್ಲ ಎಂದು ಸಾರಿ ಬಂದ. ಬೆಳಿಗ್ಗೆ ಅದರ ಕತ್ತು ಮುರಿಯಲು ಹೊರಟಿದ್ದವನು ಸಂಜೆಗೆ ಅದರ ದಿವಾನನಾದ.

ಸೋಮವಾರ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಳೆದ ಆಡು ಸಿಗುತ್ತದೆಯೇ? ಪಟಪಟ. ಹೊಟ್ಟೆಯಲ್ಲಿರುವುದು ಗಂಡೇ? ಪಟಪಟ. ಹಾಗೆ ಕೇಳಿದ ಬಸುರಿಯ ಓರಗಿತ್ತಿ ಹಿಂದಿನಿಂದ, ಹೆಣ್ಣೇ? ಎಂದಳು. ಪಟಪಟ. ಅವಳಿಜವಳಿ ಎಂದು ಚಿಕ್ಕಪ್ಪ ತೀರ್ಪು ಕೊಟ್ಟ. ಕೋಳಿಗೆ ಯಾವುದಕ್ಕೂ ಇಲ್ಲವೆನ್ನಲು ಬರುತ್ತಿರಲಿಲ್ಲ. ಅಷ್ಟು ಸಂತೋಷವಾಗಿ ಜನ ನಮ್ಮ ಮನೆಯಿಂದ ಹೊರಟದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನಾನೂ ಯಾರೂ ಇಲ್ಲದಾಗ ಒಂದು ಪ್ರಶ್ನೆ ಕೇಳಿದೆ. ಏನೆಂದು ದಿನಚರಿಯಲ್ಲಿಯೂ ಬರೆದಿಲ್ಲ.

ಅತ್ತೆ ಅದರ ಹತ್ತಿರವೇ ಕೂತಿದ್ದಳು. ಯಾರಿಗೂ ಮುಟ್ಟಲು ಬಿಡಲಿಲ್ಲ, ಹನಿಹನಿಯಾಗಿ ಗಂಜಿ ಕುಡಿಸುತ್ತಿದ್ದಳು. ಮಧ್ಯಾಹ್ನ ಜನ ಕರಗಿದಾಗ ನಾನು ಹತ್ತಿರ ಹೋಗಿ, ನಾಳೆ ಏನು ಮಾಡುವುದೆಂದು ಕೇಳಿದೆ. ನನಗಾಗಿ ಹೋಗುವ ಜೀವವಲ್ಲವೇ? ಅಜ್ಜಿಯ ಕಾಲಿಗೆ ಬಿದ್ದು ಬೇಡವೆನ್ನುತ್ತೇನೆ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಆ ಕನಿಕರ ಕೋಳಿಯ ಮೇಲಲ್ಲ ಎಂಬುದು ಮಾತ್ರ ನನಗೆ ಖಂಡಿತ ನೆನಪಿದೆ.

ಮಂಗಳವಾರ ಬೆಳಿಗ್ಗೆ ಮಾರಿಗುಡಿಯ ಮುಂದೆ ಬೇವಿನ ಮರದಡಿ ಊರು ಸೇರಿತು. ಪೂಜಾರಪ್ಪ ಚೆಂಬಿನಲ್ಲಿ ಅರಿಶಿನದ ನೀರು ಹಿಡಿದು ನಿಂತಿದ್ದ. ಕೋಳಿ ಅತ್ತೆಯ ಎಡಗೈ ಕಂಕುಳಲ್ಲಿತ್ತು. ಅವಳ ಬಲಗೈ ಅದರ ತಲೆಯ ಮೇಲಿತ್ತು. ಪೂಜಾರಪ್ಪ ನೀರು ಎತ್ತುವಷ್ಟರಲ್ಲಿ ಅತ್ತೆ, ಸಾಕಿದವಳು ನಾನು, ನಾನೊಂದು ಮಾತು ಕೇಳಿ ಕೊಡುತ್ತೇನೆ ಎಂದಳು. ಬೇಡವೆನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಎರಡು ದಿನದಿಂದ ಊರೇ ಕೇಳಿತ್ತು, ಕೇಳದೇ ಉಳಿದವಳು ಅವಳೊಬ್ಬಳೇ.

ಅವಳು ಕೋಳಿಯನ್ನು ನೋಡಲಿಲ್ಲ. ಗುಡಿಯ ಬಾಗಿಲನ್ನು ನೋಡಿ, ಎಲ್ಲರಿಗೂ ಕೇಳುವಂತೆ ಆದರೆ ಕೂಗದೆ ಹೇಳಿದಳು:

“ತಾಯಿ, ನಮ್ಮವ್ವ ನನ್ನ ಒಂದು ಮಾತು ಕೇಳ್ದಂಗೆ ಇದುನ್ನ ನಿಂಗೆ ಅಂತ ಅಂದ್ಬುಟ್ಲು. ಒಡತಿನ ಕೇಳ್ದೆ ಕೊಟ್ಟಿದ್ದು ನಿಂಗ್ ಬ್ಯಾಡ, ಅಲ್ವಾ?”

ಕೋಳಿ ಕತ್ತು ವಾಲಿಸಿಕೊಂಡು ಸುಮ್ಮನಿತ್ತು. ಎಂದೂ ಇಲ್ಲದಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ, ಅತ್ತೆಯ ಹೆಬ್ಬೆರಳು ಕೋಳಿಯ ಕಣ್ಣಿನ ಹಿಂದೆ ಮೆಲ್ಲಗೆ ಒತ್ತಿದ್ದನ್ನು ನಾನು ಕಂಡೆ. ಕಂಡೆನೋ, ಮುಂದೆ ನಡೆದದ್ದನ್ನು ತಿಳಿದ ಮೇಲೆ ಆ ಹೆಬ್ಬೆರಳನ್ನು ನೆನಪಿಗೆ ಸೇರಿಸಿಕೊಂಡೆನೋ, ಪ್ರಮಾಣ ಮಾಡಲಾರೆ. ಕೋಳಿ ಕೊಡವಿದ್ದು ಮಾತ್ರ ಊರೇ ಕಂಡ ಸತ್ಯ. ಬುಡದಿಂದ ಕತ್ತು, ಕತ್ತಿನಿಂದ ಜುಟ್ಟು, ರೆಕ್ಕೆ, ಬಾಲ, ಎಲ್ಲ ಸೇರಿ ಕೊಡವಿತು. ಎರಡು ಪುಕ್ಕ ಹಾರಿ ಪೂಜಾರಪ್ಪನ ಚೆಂಬಿನೊಳಗೆ ಬಿದ್ದವು.

ಪೂಜಾರಪ್ಪ ಚೆಂಬನ್ನು ಕೆಳಗಿಟ್ಟ. ತಾಯಿಯ ಮಾತಾಯಿತು ಎಂದ. ಆತುರದಲ್ಲಿರುವ ತಾಯಿ ಈಗ ಬೇಡವೆಂದಳೇಕೆ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಒಳ್ಳೆಯ ಮನುಷ್ಯ, ಅವನಿಗೂ ಮನೆಯಲ್ಲಿ ಅಕ್ಕತಂಗಿಯರಿದ್ದರು.

ಅಜ್ಜಿಗೆ ಮಾತ್ರ ಹೆದರಿಕೆ ಹೋಗಲಿಲ್ಲ. ಹಾಗಾದರೆ ಹುಡುಗನ ಹರಕೆ? ತೀರದೆ ಉಳಿದರೆ ಸರ್ಕಾರದವರು ಪಾಸು ಮಾಡಿದ್ದನ್ನು ವಾಪಸು ತೆಗೆದುಕೊಂಡರೆ? ಅತ್ತೆ ಇದಕ್ಕೂ ಸಿದ್ಧವಾಗಿಯೇ ಬಂದಿದ್ದಳು. ತಾಯಿಯನ್ನೇ ಕೇಳೋಣ ಎಂದು ಮತ್ತೆ ಗುಡಿಯ ಕಡೆ ತಿರುಗಿದಳು.

“ಇದ್ರ ಬದ್ಲು ನಮ್ ತಮ್ಮನ ಹುಂಜ ಆಯ್ತದಾ ತಾಯಿ?”

ಪಟಪಟ. ಈ ಸಲ ಒಂದು ಗಳಿಗೆಯೂ ತಡವಾಗಲಿಲ್ಲ.

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಈ ಕೋಳಿ ಸುಳ್ಳಾಡುವುದಿಲ್ಲವೆಂದು ಮನೆಮನೆಗೆ ಹೋಗಿ ಹೇಳಿದ ನಾಲಿಗೆ ಅವನದು.

“ಅಕ್ಕ, ಇನ್ನೊಂದ್ಸಲ ಸರಿಯಾಗಿ ಕೇಳಕ್ಕ,” ಎಂದ ಸಣ್ಣಗೆ.

ಅತ್ತೆ ಇನ್ನೊಂದು ಸಲ ಕೇಳಿದಳು. ಕೋಳಿ ಇನ್ನೊಂದು ಸಲ ಒಪ್ಪಿತು.

ಹುಂಜ ಮಧ್ಯಾಹ್ನದೊಳಗೆ ಮಾರಿಗೆ ಸಂದಿತು, ಸಂಜೆ ಪ್ರಸಾದವಾಗಿ ನಮ್ಮ ಮನೆಗೂ ಬಂತು. ಚಿಕ್ಕಪ್ಪ ಕಣ್ಣೀರು ಹಾಕಿಕೊಂಡು ಊಟ ಮಾಡಿದನೆಂದು ನನ್ನ ನೆನಪು. ಖಾರಕ್ಕೆ ಬಂದ ಕಣ್ಣೀರು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಎರಡನೆಯ ಸಲ ಸಾರು ಹಾಕಿಸಿಕೊಂಡದ್ದನ್ನು ಅವನೂ ಅಲ್ಲಗಳೆಯಲಿಲ್ಲ.

ಆ ಊಟಕ್ಕೆ ಮುಂಚೆ ನಡೆದ ಒಂದು ಸಂಗತಿಯನ್ನು ನಾನೊಬ್ಬನೇ ಕಂಡೆ. ಅಡುಗೆಮನೆಯಲ್ಲಿ ಮಸಾಲೆ ಅರೆಯುವ ಸದ್ದು ಕೇಳುತ್ತಿತ್ತು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಬಲಗಣ್ಣಿನ ಹಿಂದಿನ ಪುಕ್ಕಗಳನ್ನು ಬೆರಳಿನಿಂದ ಬಿಡಿಸಿದಳು. ಅಲ್ಲೊಂದು ಸಣ್ಣ ತೂತಿತ್ತು. ಕೋಳಿಗೆ ಕಿವಿ ಇರುತ್ತದೆಂಬುದು ಆವರೆಗೆ ನನಗೆ ಗೊತ್ತಿರಲಿಲ್ಲ. ಎರಡು ದಿನ ಗೀಟು ಹಾಕಿದ ನಾನು ಆ ಪುಕ್ಕಗಳನ್ನು ಒಮ್ಮೆಯೂ ಬಿಡಿಸಿರಲಿಲ್ಲ. ಕಿವಿಯ ಬಾಯಲ್ಲಿ, ಹರಳುಬೀಜದಷ್ಟು ದಪ್ಪಗೆ ರಕ್ತ ಕುಡಿದು ಊದಿದ ಒಂದು ಉಣ್ಣೆ ಕಚ್ಚಿಕೊಂಡು ಕೂತಿತ್ತು. ಕಾಡಂಚಿನಲ್ಲಿ ದನಗಳ ಮೈಗೆ ಹತ್ತುತ್ತದಲ್ಲ, ಅದೇ. ಅತ್ತೆ ಸೊಂಟದಿಂದ ಹರಳೆಣ್ಣೆಯಲ್ಲಿ ಅದ್ದಿದ ಒಂದು ಬತ್ತಿ ತೆಗೆದು ಅದರ ಮೇಲೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಎರಡು ಉಗುರಲ್ಲಿ ಚಿಮುಟಿ ಎಳೆದಳು. ಕಲ್ಲಿನ ಮೇಲಿಟ್ಟು ಜಜ್ಜಿದಳು. ಕೋಳಿ ಒಂದು ಸಲ ತಲೆ ಕೊಡವಿತು. ಕತ್ತು ನೆಟ್ಟಗಾಯಿತು. ಅಷ್ಟೇ. ಆಮೇಲೆ ಕೊಡವಲಿಲ್ಲ.

ಇದು ಯಾವಾಗ ಗೊತ್ತಾಯಿತು ಎಂದು ಕೇಳಿದೆ. “ಇವಾಗ,” ಎಂದಳು. ಬತ್ತಿ ಎಣ್ಣೆಯಲ್ಲಿ ಯಾವಾಗ ನೆನೆಯಿತು ಎಂದು ಕೇಳಿದೆ. ಅವಳು ಬತ್ತಿಯನ್ನು ಬೇಲಿಯಾಚೆ ಎಸೆದಳು.

ಶನಿವಾರ ಸಂಜೆಯ ಅವಳ ಗೆಲುವಾದ ಮುಖ ನನಗೆ ನೆನಪಾಯಿತು. ಆವತ್ತೇ ಉಣ್ಣೆ ಕಿತ್ತಿದ್ದರೆ ಕೋಳಿ ಭಾನುವಾರಕ್ಕೆ ವಾಸಿಯಾಗುತ್ತಿತ್ತು, ಮಂಗಳವಾರಕ್ಕೆ ಊನವಿಲ್ಲದ ಕೋಳಿಯಾಗಿ ಸಾಯುತ್ತಿತ್ತು. ನಾನೇನಾದರೂ ಸ್ವಲ್ಪ ಜಾಣನಾಗಿದ್ದು ರೋಗ ಕಂಡುಹಿಡಿದಿದ್ದರೆ, ಎಲ್ಲರನ್ನೂ ಕರೆದು ತೋರಿಸಿ, ಹೆಮ್ಮೆಯಿಂದ ಅದನ್ನು ಕೊಂದಿರುತ್ತಿದ್ದೆ. ನನಗೆ ಇದ್ದಕ್ಕಿದ್ದಂತೆ ಎಷ್ಟು ನಗು ಬಂತೆಂದರೆ ಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಮೊದಲು ಗದರಿದಳು, ಆಮೇಲೆ ಅವಳಿಗೂ ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಕೋಳಿ ಮಡಿಲಿಂದಿಳಿದು, ಐದು ದಿನದ ಹಸಿವಿಗೆ, ಹಿತ್ತಿಲೆಲ್ಲ ಕೆದಕತೊಡಗಿತು.

ನಗುತ್ತಲೇ ಇದ್ದಾಗ ಅಂತರಸಂತೆಯ ಕಡೆಯ ಒಬ್ಬ ರೈತ, ಕೋಳಿಯ ಸುದ್ದಿ ಕೇಳಿ ನಡೆದು ಬಂದವನು, ಹಿತ್ತಿಲ ಬಾಗಿಲಲ್ಲಿ ನಿಂತು ಕೈ ಮುಗಿದ. ಮಗಳಿಗೊಂದು ಸಂಬಂಧ ಬಂದಿದೆ, ಹುಡುಗನ ಮನೆಯವರು ಅನುಕೂಲಸ್ಥರು, ಆದರೆ ಅತ್ತೆಯಾಗುವವಳ ಬಾಯಿ ಬಹಳ ಜೋರಂತೆ, ಕೊಡಬಹುದೇ ಎಂದು ತಾಯಿಯನ್ನು ಕೇಳಬೇಕು ಎಂದ. ನಾನು ಅತ್ತೆಯ ಮುಖ ನೋಡಿದೆ. ಅವಳು ಕೋಳಿಯ ಕಡೆ ಕೈ ತೋರಿಸಿ, ಕೇಳಿಕೊಳ್ಳಿ ಎಂದಳು.

ಅವನು ಕೇಳಿದ. ಕೋಳಿ ಅವನನ್ನು ನೆಟ್ಟಗೆ ನೋಡಿತು. ಅಲುಗಲಿಲ್ಲ. ಇನ್ನೊಂದು ಸಲ ಕೇಳಿದ. ಅದು ಒಂದು ಹುಳ ಕುಕ್ಕಿಕೊಂಡು, ಬೆನ್ನು ತೋರಿಸಿ ಬೇಲಿಯ ಕಡೆ ನಡೆಯಿತು.

“ಕೊಡ್ಬ್ಯಾಡಿ ಅಂತವಳೆ,” ಎಂದಳು ಅತ್ತೆ.

ಆ ಮನುಷ್ಯ ಉಸಿರು ಬಿಟ್ಟ. ಸಂಬಂಧ ಬಂದ ದಿನದಿಂದ ಮಗಳು ಅಳುತ್ತಿದ್ದಾಳೆ, ತನಗೂ ಮನಸ್ಸಿರಲಿಲ್ಲ, ಹಿರಿಯರಿಗೆ ಹೇಳಲು ಒಂದು ಮಾತು ಬೇಕಾಗಿತ್ತು ಎಂದ. ಅತ್ತೆ ಅವನಿಗೆ ಕೂರಲು ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು.